ಅಕ್ಕ ಸುಣ್ಣ ಹೊಡೆಯಬೇಡ ಎಂದ ಗೋಡೆ

ದಿನಕ್ಕೆ ಎರಡು ಸಲ, ಸಲಕ್ಕೆ ಐದು ನಿಮಿಷ, ಎಂಟು ವಾರ. ನಮ್ಮಕ್ಕ ನನ್ನಿಂದ ಕೇಳಿದ್ದು ಇಷ್ಟೇ. ಅದನ್ನು ನಾನು ಮಾಡಲಿಲ್ಲ. ಮಾಡಲಿಲ್ಲ ಎಂದು ಹೇಳಲೂ ಇಲ್ಲ. ಮಾಡಿದೆ ಎಂದು ಹೇಳಿ, ಗೋಡೆಯ ಮೇಲೆ ಗೀಟು ಎಳೆದು ತೋರಿಸಿದೆ. ಅವಳು ಅದನ್ನು ನಂಬಿ ಪುಸ್ತಕದಲ್ಲಿ ಬರೆದುಕೊಂಡಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯೋಗದ ಟೀಚರುಗಳಿಗೆಲ್ಲ ಹೇಳಿದಳು. ಅವಳು ಹೋಗಿ ಒಂದು ವರ್ಷದ ಮೇಲಾಯಿತು. ಅವಳ ಬಗ್ಗೆ ಒಂದಿಷ್ಟು ಬರೆದುಕೊಡಿ ಎಂದು ಆ ಟೀಚರುಗಳು ಕೇಳಿದ್ದಾರೆ. ಬರೆಯುತ್ತೇನೆ. ಆದರೆ ಇದನ್ನು ಮೊದಲು ಹೇಳದೆ ಉಳಿದದ್ದನ್ನು ಹೇಳಿದರೆ ಅದೂ ಸುಳ್ಳಾಗುತ್ತದೆ.

ನಾನು ಗಾರೆ ಕೆಲಸದವನು. ಕೊಡಿಗೇನಹಳ್ಳಿಯಲ್ಲಿ ಮನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಹತ್ತನೇ ಕ್ಲಾಸು ಪಾಸು ಮಾಡಿದ್ದಳು. ನಾನು ಸ್ಕೂಲಿಗೆ ಹೋಗುತ್ತಿದ್ದಷ್ಟು ದಿನ ನನ್ನ ಕಾಪಿಯನ್ನೆಲ್ಲ ಅವಳೇ ಬರೆದುಕೊಡುತ್ತಿದ್ದಳು. ಅವಳನ್ನು ಶಿರಾಕ್ಕೆ ಕೊಟ್ಟಿದ್ದರು. ಭಾವ ಚಿಕ್ಕ ವಯಸ್ಸಿಗೇ ತೀರಿಕೊಂಡ ಮೇಲೆ ಮಧುಗಿರಿಗೆ ಬಂದು, ಒಂದು ರೂಮು ಹಿಡಿದು, ಹೊಲಿಗೆ ಮಾಡಿಕೊಂಡಿದ್ದಳು. ಮಿಷನ್ನು ತುಳಿದು ತುಳಿದು ಬೆನ್ನು ಹಿಡಿದುಕೊಂಡಿತು. ಅದಕ್ಕೆ ಅಂತ ಒಂದು ಯೋಗ ಶಿಬಿರಕ್ಕೆ ಹೋದಳು. ಬೆನ್ನುನೋವು ಹೋಯಿತು, ಯೋಗ ಹೋಗಲಿಲ್ಲ. ಪರೀಕ್ಷೆ ಕಟ್ಟಿ, ಸರ್ಟಿಫಿಕೇಟು ಪಡೆದು, ಒಂದು ಸ್ಕೂಲಿನ ಹಾಲಿನಲ್ಲಿ ಬೆಳಿಗ್ಗೆ ಹೊತ್ತು ತಾನೇ ಕಲಿಸಲು ಶುರುಮಾಡಿದಳು.

ಯೋಗದ ಟೀಚರು ಅಂದರೆ ಜನ ಬಳ್ಳಿಯ ಹಾಗೆ ಬಳುಕುವವರನ್ನು ನೆನೆಯುತ್ತಾರೆ. ಅಕ್ಕ ಕುಳ್ಳಿ, ಮೈಯೂ ದಪ್ಪ. ದಪ್ಪ ಗಾಜಿನ ಕನ್ನಡಕ. ಮೊದಲ ಸಲ ಚೂಡಿದಾರ ಹಾಕಿಕೊಂಡು ಬೀದಿಗೆ ಇಳಿದಾಗ ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತು ನೋಡಿದರಂತೆ. ಅವಳು ಅವರಿಗೆಲ್ಲ, "ಚೆನ್ನಾಗಿ ನೋಡ್ಕಳಿ, ನಾಳೆ ನಿಮ್ಗೂ ಒಂದೊಂದ್ ಹೊಲ್ಕೊಡ್ತೀನಿ" ಅಂದಳಂತೆ.

ಅವಳ ಜೊತೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವುದು ಒಂದು ಪಾಠ. ನಾನು ಎದುರಿನ ಕಟ್ಟಡ ನೋಡಿ, ಆ ಮೂಲೆ ತೂಗುಗುಂಡಿಗೆ ಸರಿಯಿಲ್ಲ, ವಾಲಿದೆ ಅನ್ನುತ್ತಿದ್ದೆ. ಅವಳು ಜನರ ಚಪ್ಪಲಿ ನೋಡುತ್ತಿದ್ದಳು. "ಆ ಯಜಮಾನ್ರ ಎಡಗಾಲ ಚಪ್ಲಿ ಒಳಗಡೆ ಸವ್ದೈತೆ ನೋಡು. ಮಂಡಿ ಒಳಕ್ ಬತ್ತೈತೆ. ಪಾಪ, ಮೆಟ್ಲು ಇಳಿಯಕ್ಕಾಗಲ್ಲ ಅವ್ರಿಗೆ." ಬಸ್ಸು ಬಂದಾಗ ಆ ಯಜಮಾನರು ನಿಜಕ್ಕೂ ಕಂಬಿ ಹಿಡಿದು ಪಕ್ಕಕ್ಕೆ ತಿರುಗಿಕೊಂಡು ಹತ್ತುತ್ತಿದ್ದರು.

ಆದರೆ ಶುರುವಿನಲ್ಲಿ ಅವಳು ಹೀಗಿರಲಿಲ್ಲ. ಬಲು ಕಟ್ಟುನಿಟ್ಟು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಒಂದೇ ಸಲಕ್ಕೆ ಬಗ್ಗಬೇಕು. ಕೈ ಪಾದಕ್ಕೆ ಮುಟ್ಟದಿದ್ದರೆ ಹೋಗಿ ಬೆನ್ನು ಒತ್ತುತ್ತಿದ್ದಳು. ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬರು ಬರುತ್ತಿದ್ದರು. ಊರೂರು ಸೈಕಲ್ಲು ತುಳಿದು ಮಂಡಿ ಸವೆದ ಮನುಷ್ಯ. ಅವರಿಗೆ ಇವಳು, "ತಾತ, ನಿಮ್ಗಾಗಲ್ಲ, ಕೂತು ನೋಡ್ಕಳಿ" ಅಂದಳು. ಅವರು ಮೂರು ದಿನ ಕೂತು ನೋಡಿದರು. ನಾಲ್ಕನೆಯ ದಿನ ಬರಲಿಲ್ಲ. ಅವರು ಬಾರದ್ದು ತನಗೆ ಗೊತ್ತೂ ಆಗಲಿಲ್ಲ ಎಂದು ಅಕ್ಕನೇ ಆಮೇಲೆ ಹೇಳಿದ್ದು.

ಅವಳು ಬದಲಾದದ್ದು ಎರಡನೇ ಸಲ ಸ್ಕೂಲಿಗೆ ಹೋದ ಮೇಲೆ. ಯೋಗ ಕಲಿಸುವವರಿಗೇ ಮತ್ತೆ ಕಲಿಸುವ ತರಬೇತಿ ಅದು. ಕೀಲುನೋವಿನವರು, ಲಕ್ವ ಹೊಡೆದವರು, ವಯಸ್ಸಾದವರು, ನೆಲದ ಮೇಲೆ ಕೂರಲಾಗದವರು, ಇಂಥವರಿಗೆ ಯೋಗ ಹೇಗೆ ಹೇಳಿಕೊಡಬೇಕು ಅನ್ನುವುದೇ ಪಾಠ. ತಿಂಗಳಿಗೆ ಎರಡು ಶನಿವಾರ. ಕಲಿಸಲು ತುಮಕೂರಿನಿಂದ ಒಬ್ಬ ಹಿರಿಯ ಮೇಷ್ಟ್ರು ಬರುತ್ತಿದ್ದರು. ಅವರೇ ಒಂದು ಕಾಲನ್ನು ಸ್ವಲ್ಪ ಎಳೆದು ನಡೆಯುವವರು. ಮೊದಲ ದಿನವೇ ಅವರು, "ನೀವು ಇಷ್ಟು ದಿನ ಕಲಿಸಿದ್ದು ಮೈ ಚೆನ್ನಾಗಿರೋರಿಗೆ. ಅವರಿಗೆ ನಿಮ್ಮ ಅಗತ್ಯ ಅಷ್ಟಿಲ್ಲ" ಅಂದರಂತೆ. ಎಲ್ಲ ಟೀಚರುಗಳ ಒಂದು ಮಂಡಿಗೆ ಮರದ ಪಟ್ಟಿ ಇಟ್ಟು ಬಿಗಿದು ಕಟ್ಟಿಸಿ, ಈಗ ನೆಲದಿಂದ ಏಳಿ ಅಂದರಂತೆ. ಅಕ್ಕನಿಗೆ ಏಳಲಾಗಲಿಲ್ಲ. ಕೂತಲ್ಲೇ ಪೋಸ್ಟ್‌ಮ್ಯಾನ್ ತಾತನ ನೆನಪಾಯಿತಂತೆ.

ಮಾರನೆಯ ದಿನ ಅವರ ಮನೆ ಹುಡುಕಿಕೊಂಡು ಹೋದಳು. "ತಾತ, ಬನ್ನಿ, ಕ್ಲಾಸು ನೋಡೋರಂತೆ" ಅಂದದ್ದಕ್ಕೆ ಅವರು, "ನೋಡಾದಿಕ್ಕೆ ಮನೇಲಿ ಟಿವಿ ಐತಲ್ಲಮ್ಮ" ಅಂದರು. ಈ ಮಾತನ್ನು ಅಕ್ಕ ನೂರು ಸಲ ಹೇಳಿದ್ದಾಳೆ, ಪ್ರತಿ ಸಲವೂ ತನ್ನನ್ನು ತಾನೇ ನಗಾಡಿಕೊಂಡು. ತಾತ ಕೊನೆಗೆ ಬಂದರು. ಅವರಿಗೆ ಕುರ್ಚಿ ಹಾಕಿದಳು. ಆ ಹಾಲಿನಲ್ಲಿ ಅದೇ ಮೊದಲ ಕುರ್ಚಿ.

ಆ ತರಬೇತಿಯ ದಿನಗಳಲ್ಲಿ ಒಂದು ಭಾನುವಾರ ನಮ್ಮ ಮನೆಗೆ ಬಂದವಳು, ಬಲಗೈಯನ್ನು ಸೆರಗಿನಿಂದ ಸೊಂಟಕ್ಕೆ ಬಿಗಿದುಕೊಂಡು ಕೂತಳು. ಸಂಜೆಯವರೆಗೆ ಬಿಚ್ಚುವುದಿಲ್ಲವಂತೆ.

ನನ್ನ ಹೆಂಡತಿ, "ಏನಕ್ಕ ಇದು, ಕೈ ಇರೋರೇ ಇಂಗ್ ಕೈ ಕಟ್ಕೊಂಡ್ ಕುಂತ್ರೆ ಇಲ್ದೋರ ಗತಿ ಏನು?" ಅಂದಳು.

"ಅದನ್ನೇ ಕಲೀತಿರೋದು ಕಣಮ್ಮ. ಇವತ್ತು ಮುದ್ದೆ ನಾನ್ ಮಾಡ್ತೀನಿ, ನೀನ್ ಎದ್ದೇಳು."

ಪಾತ್ರೆಯನ್ನು ಕೆಳಗಿಟ್ಟು ಕಾಲಿನಲ್ಲಿ ಒತ್ತಿ ಹಿಡಿದು ಎಡಗೈಯಲ್ಲಿ ಕೋಲು ತಿರುವಿದಳು. ಬೆವರು ಕಿತ್ತುಕೊಂಡಿತು. ಮುದ್ದೆಯೆಲ್ಲ ಗಂಟು ಗಂಟು. ಯಾರೂ ಏನೂ ಅನ್ನದೆ ನುಂಗಿದೆವು. ಸಂಜೆ ಸೆರಗು ಬಿಚ್ಚಿ ಹೇಳಿದಳು. "ಲಕ್ವ ಹೊಡ್ದೋರಿಗೆ ಕೈ ಓಯ್ತು ಅಂತೀವಿ. ಮೊದ್ಲು ನೋಯೋದು ಸೊಂಟ ಕಣ್ಲಾ. ಎಲ್ಲಾ ಒಂದೇ ಕೈಲಿ ಮಾಡ್ತಾ ಮಾಡ್ತಾ ಮೈ ಒಂದ್ ಕಡೀಕೆ ಎಳ್ಕೊಂಡ್ ಓಯ್ತೈತೆ." ಅದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಆ ಪುಸ್ತಕ ಯಾವಾಗಲೂ ಅವಳ ಬ್ಯಾಗಿನಲ್ಲಿರುತ್ತಿತ್ತು.

ಅದೇ ಬ್ಯಾಗಿನಲ್ಲಿ ಹಗ್ಗ, ಸ್ಕೂಲು ಮಕ್ಕಳ ಹಳೇ ಬೆಲ್ಟು, ಸೀರೆ ಸುತ್ತಿ ಹೊಲಿದ ಎರಡು ಇಟ್ಟಿಗೆ. ಇಟ್ಟಿಗೆ ನಾನು ಕೊಟ್ಟದ್ದು. ಕೈ ನೆಲಕ್ಕೆ ಎಟುಕದವರು ಅದರ ಮೇಲೆ ಕೈ ಇಡಬೇಕು. ಮರದ್ದು, ರಬ್ಬರಿನದು ಸಿಗುತ್ತವಂತೆ. "ನಮ್ ತಾಲ್ಲೂಕಲ್ಲಿ ಇಟ್ಗೆಗೇನ್ ಬರಾನಾ?" ಅನ್ನುತ್ತಿದ್ದಳು. ಶಾಮಿಯಾನದವರ ಹತ್ತಿರ ಕಾಡಿ ಕೈ ಇಲ್ಲದ ಕುರ್ಚಿಗಳನ್ನೇ ಆರಿಸಿ ತರುತ್ತಿದ್ದಳು. ಯಾರಾದರೂ ನನಗೆ ಈ ಆಸನ ಬರುವುದಿಲ್ಲ ಎಂದು ಬೇಜಾರು ಮಾಡಿಕೊಂಡರೆ ಹೊಲಿಗೆಯವಳ ಮಾತೇ ಬರುತ್ತಿತ್ತು. "ಅಂಗಿ ಬಿಗಿ ಆದ್ರೆ ಅಂಗಿ ಬಿಚ್ಚಿ ಹೊಲೀಬೇಕು, ಕೈ ಕುಯ್ಯಕ್ಕಾಯ್ತದಾ?"

ಶಿರಾದಲ್ಲಿ ಅವಳ ಹಳೇ ಬೀದಿಯ ಮುಸ್ಲಿಂ ಹೆಂಗಸರಿಗೆ ಒಂದು ಮನೆಯ ಹಜಾರದಲ್ಲಿ ಕುರ್ಚಿಯ ಕ್ಲಾಸು ನಡೆಸುತ್ತಿದ್ದಳು. ಅಲ್ಲಿ ಒಬ್ಬ ಅಜ್ಜಿ ಕಾಲು ನೀಡು ಅಂದಾಗಲೆಲ್ಲ, "ಮೈ ಹಾಂ ಬೋಲ್ತಿ ಆಪಾ, ಘುಟ್ನಾ ನಕ್ಕೋ ಬೋಲ್ತಾ" ಅನ್ನುತ್ತಿತ್ತಂತೆ. ನಾನು ಹೂಂ ಅಂತೀನಿ, ಮಂಡಿ ಬೇಡ ಅನ್ನುತ್ತೆ ಅಂತ. ಅಕ್ಕ ಆ ಮಾತನ್ನೂ ಪುಸ್ತಕಕ್ಕೆ ಬರೆದುಕೊಂಡಳು. ಪಾವಗಡದ ಕಡೆ ಅವಳ ಭಾಷೆ ತೆಲುಗಿಗೆ ತಿರುಗುತ್ತಿತ್ತು. "ಮೆಲ್ಲಗ ಅಮ್ಮಾ, ಮೆಲ್ಲಗ" ಅನ್ನುವ ಎರಡು ಮಾತಿನಲ್ಲಿ ಇಡೀ ಕ್ಲಾಸು ಮುಗಿಸುತ್ತಿದ್ದಳು.

ಇನ್ನೊಂದು ಅಭ್ಯಾಸ ಹೇಳಬೇಕು, ಮುಂದೆ ಬೇಕಾಗುತ್ತದೆ. ಎಲ್ಲಿ ನೋವು, ಮನೆಯಲ್ಲಿ ಮಾಡಿದಿರಾ ಎಂದು ಕೇಳಿದ ಮೇಲೆ ಅಕ್ಕ ಸುಮ್ಮನಾಗಿಬಿಡುತ್ತಿದ್ದಳು. ಎದುರಿನವರು ಏನಾದರೂ ಅನ್ನುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಅದೂ ತರಬೇತಿಯಲ್ಲಿ ಕಲಿತದ್ದೇ. "ಮೊದಲು ಬರೋ ಉತ್ತರ ನಮ್ಮನ್ನ ಮೆಚ್ಚಿಸೋಕೆ. ಸುಮ್ಮನಿದ್ರೆ ಎರಡ್ನೇದು ಬತ್ತೈತೆ, ಅದು ನಿಜ" ಅನ್ನುತ್ತಿದ್ದಳು.

ಆ ತರಬೇತಿ ಮುಗಿಯುವಾಗ ಒಂದು ಪರೀಕ್ಷೆ. ಒಬ್ಬೊಬ್ಬ ಟೀಚರೂ ತೊಂದರೆ ಇರುವ ಒಬ್ಬರನ್ನು ಆರಿಸಿಕೊಂಡು ಎಂಟು ವಾರ ಕಲಿಸಬೇಕು, ವಾರವಾರ ಕಂಡದ್ದನ್ನು ಬರೆದು ಒಪ್ಪಿಸಬೇಕು. ಆಗಲೇ ನನ್ನ ಬಲಭುಜ ಹಿಡಿದುಕೊಂಡಿತ್ತು. ತಾರಸಿಯ ಒಳಗಡೆಗೆ ಗಾರೆ ಮಾಡುವವರಿಗೆ ಅದು ಬರುತ್ತದೆ, ದಿನವಿಡೀ ಕೈ ತಲೆಯ ಮೇಲೆ.

"ಎತ್ತು ನೋಡಾನ" ಅಂದಳು. ಎತ್ತಿದೆ. ಭುಜದ ಮಟ್ಟಕ್ಕೆ ನಿಂತುಹೋಯಿತು.

"ಡಾಕ್ಟ್ರಿಗೆ ತೋರ್ಸಿದ್ಯೇನ್ಲಾ?"

"ಮಾತ್ರೆ ಕೊಟ್ಟವ್ರೆ. ಕೈ ಆಡಿಸ್ತಿರು ಅಂದವ್ರೆ."

"ಅಂಗಾರೆ ನನ್ ಪರೀಕ್ಷೆಗೆ ನೀನೇ."

ನಡುಮನೆಯ ಗೋಡೆಯ ಎದುರು ನಿಲ್ಲಿಸಿದಳು. ಬೆರಳುಗಳನ್ನು ಗೋಡೆಯ ಮೇಲೆ ಹಲ್ಲಿ ಹತ್ತಿದ ಹಾಗೆ ಒಂದೊಂದಾಗಿ ಮೇಲಕ್ಕೆ ಹತ್ತಿಸಬೇಕು. ಭುಜ ಎಳೆಯುವ ಜಾಗದಲ್ಲಿ ನಿಂತು ಐದು ಉಸಿರು. "ಚುಚ್ಚಿದ್ರೆ ಒಂದ್ ಬೆರಳು ಇಳ್ಸು. ಜಿದ್ದಿಗ್ ಬೀಳ್ಬೇಡ, ಗೋಡೆ ಎಲ್ಲೂ ಓಗಲ್ಲ." ನನ್ನ ಬೆರಳು ನಿಂತ ಜಾಗಕ್ಕೆ ಅವಳೇ ಪೆನ್ಸಿಲಿನಿಂದ ಒಂದು ಗೀಟು ಎಳೆದಳು. ಬರಿಗೈಯಲ್ಲಿ ಎಳೆದದ್ದು, ಸ್ವಲ್ಪ ಸೊಟ್ಟಗೆ ಬಂತು. ಇನ್ನು ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಕೈ ಎಲ್ಲಿಗೆ ಬರುತ್ತದೋ ಅಲ್ಲಿಗೆ ನಾನೇ ಗೀಟು ಎಳೆಯಬೇಕು. ಅವಳು ಹತ್ತು ಗಂಟೆಯ ಬಸ್ಸಿಗೆ ಬಂದು ಅಳೆದುಕೊಂಡು ಹೋಗುತ್ತಾಳೆ.

ಮೊದಲ ವಾರ ಮೂರು ದಿನ ಮಾಡಿದೆ. ನೋಯಿತು. ಐ.ಡಿ.ಹಳ್ಳಿಯಲ್ಲಿ ಒಂದು ಮನೆ ಕೆಲಸ ನಡೆಯುತ್ತಿತ್ತು, ಕತ್ತಲಿಗೆ ಮುಂಚೆ ಮನೆ ಸೇರುವುದೂ ಕಷ್ಟ. ಇವು ನೆಪ. ಐದು ನಿಮಿಷ ಯಾರಿಗೂ ಸಿಗುತ್ತದೆ. ನಿಜ ಏನೆಂದರೆ, ಗೋಡೆಗೆ ಎದುರಾಗಿ ನಿಂತು ಬೆರಳು ಆಡಿಸುವುದು ನನಗೆ ಹೆಣ್ಣುಮಕ್ಕಳ ಆಟದ ಹಾಗೆ ಕಂಡಿತ್ತು. ಅದನ್ನು ಅಕ್ಕನಿಗೆ ಹೇಳುವ ಧೈರ್ಯವೂ ಇರಲಿಲ್ಲ.

ಭಾನುವಾರ ಬಂತು. ಬಸ್ಸು ಬರುವ ಹೊತ್ತಾಯಿತು. ಟೇಪು ಹಿಡಿದು ಅಕ್ಕನ ಗೀಟಿನಿಂದ ಮೂರು ಇಂಚು ಮೇಲೆ ಗುರುತು ಮಾಡಿ, ಸೊಟ್ಟಗಾಗದ ಹಾಗೆ ರಸಮಟ್ಟ ಇಟ್ಟು, ಎಡಗೈಯಲ್ಲಿ ಗೀಟು ಎಳೆದೆ. ಗೋಡೆ ಕಟ್ಟುವವರು ರಸಮಟ್ಟ ಇಡದೆ ಗೀಟು ಎಳೆಯುವುದಿಲ್ಲ, ಕೈ ತಾನಾಗಿ ಹುಡುಕುತ್ತದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಹತ್ಸಕ್ಕೆ ಕೈ ಬರಲ್ಲ, ಗೀಟ್ ಎಳೆಯಕ್ಕೆ ಮಾತ್ರ ಬತ್ತೈತೆ" ಅಂದಳು.

"ಸುಮ್ಕಿರು, ಅಕ್ಕ ಖುಷಿ ಪಡ್ಲಿ."

ಅಕ್ಕ ಬಂದು ಹೊಲಿಗೆ ಟೇಪಿನಿಂದ ಅಳೆದಳು. "ಮೂರ್ ಇಂಚು" ಅಂದಳು. ಇನ್ನೊಂದು ಸಲ ಅಳೆದಳು. ನನ್ನ ಬೆನ್ನಿಗೆ ಎರಡು ಬೆರಳಿನಿಂದ ತಟ್ಟಿದಳು, ಚಿಕ್ಕಂದಿನಲ್ಲಿ ಮಗ್ಗಿ ಒಪ್ಪಿಸಿದಾಗ ತಟ್ಟುತ್ತಿದ್ದ ಹಾಗೆ. ಅಷ್ಟಾದ ಮೇಲೆ ಮುಂದಿನ ವಾರ ನಿಜ ಹೇಳುವುದು ಇನ್ನೂ ಕಷ್ಟವಾಯಿತು. ಎರಡನೆಯ ಗೀಟು ಮೂರು ಇಂಚು, ಮೂರನೆಯದೂ ಮೂರು ಇಂಚು. ಎತ್ತಿ ತೋರಿಸು ಅಂದಾಗಲೆಲ್ಲ ಬೆಳಿಗ್ಗೆ ಮಾಡಿ ಸುಸ್ತಾಗಿದೆ ಅನ್ನುತ್ತಿದ್ದೆ. ಅವಳು ಒತ್ತಾಯ ಮಾಡುವವಳಲ್ಲ.

ಐದನೆಯ ವಾರ ನೋವು ತಡೆಯಲಾಗದೆ, ಅವಳಿಗೆ ಹೇಳದೆ ಹಿಂದೂಪುರಕ್ಕೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ಭುಜಕ್ಕೆ ಇಂಜೆಕ್ಷನ್ ಕೊಟ್ಟರು, ನೋವು ಇಳಿದ ಮೇಲೆ ದಿನಾ ಕೈ ಆಡಿಸಬೇಕು ಎಂದು ಅವರೂ ಹೇಳಿದರು. ಹತ್ತು ಹನ್ನೆರಡು ದಿನಕ್ಕೆ ಕೈ ಬಿಟ್ಟುಕೊಂಡಿತು. ನನ್ನ ಅದೃಷ್ಟ, ಎಲ್ಲರಿಗೂ ಹಾಗಾಗುವುದಿಲ್ಲವಂತೆ. ಎಂಟನೆಯ ಭಾನುವಾರ ಅಕ್ಕನ ಕಣ್ಣೆದುರೇ ಕೈ ಎತ್ತಿ ಎಂಟನೆಯ ಗೀಟು ಮುಟ್ಟಿದೆ. ಅವಳು ನನ್ನ ಹೆಂಡತಿಯನ್ನು ಕೂಗಿ ಕರೆದು ತೋರಿಸಿದಳು. ಕನ್ನಡಕ ತೆಗೆದು ಒರೆಸಿಕೊಂಡಳು. ಹೋಗುವಾಗ ಬಾಗಿಲಲ್ಲಿ ನಿಂತು, "ಈ ಗೀಟ್ ಇರೋ ಕಡೆ ಸುಣ್ಣ ಹೊಡೀಬೇಡ್ರಪ್ಪಾ" ಅಂದಳು.

ಅವತ್ತಿನಿಂದ ಯುಗಾದಿಗೆ ಮನೆಗೆಲ್ಲ ಸುಣ್ಣ ಹೊಡೆದರೂ ಅಷ್ಟು ಜಾಗ ಹಾಗೇ ಉಳಿಯಿತು. ನಾನು ಗಾರೆ ಕೆಲಸದವನು, ನನ್ನ ಮನೆಯ ನಡುಗೋಡೆಯ ಮೇಲೇ ಎರಡು ಅಡಿ ಅಗಲದ ಮಾಸಿದ ಪಟ್ಟಿ. ಬಂದವರೆಲ್ಲ ಕೇಳುತ್ತಿದ್ದರು.

ಅವಳ ಪರೀಕ್ಷೆ ಪಾಸಾಯಿತು. ಆಮೇಲೆ ಅವಳನ್ನೇ ಬೇರೆ ಟೀಚರುಗಳಿಗೆ ಹೇಳಿಕೊಡಲು ಕರೆಯುತ್ತಿದ್ದರು. ಹೋದ ಕಡೆಯೆಲ್ಲ ನನ್ನ ಕಥೆ. "ನನ್ ತಮ್ಮ ಒಂದ್ ದಿನ ತಪ್ಪಿಸ್ಲಿಲ್ಲ." ತನ್ನ ಪಾಠಕ್ಕಿಂತ ನನ್ನ ಮೇಲೆ ಅವಳಿಗೆ ಹೆಮ್ಮೆ. ಚಿಕ್ಕಂದಿನಲ್ಲಿ ಅವಳು ನನ್ನ ಕಾಪಿ ಬರೆದುಕೊಟ್ಟಳು, ದೊಡ್ಡವನಾಗಿ ಅವಳ ಪುಸ್ತಕಕ್ಕೆ ನಾನು ಸುಳ್ಳು ಬರೆಸಿದೆ.

ಇಲ್ಲಿಗೇ ನಿಂತಿದ್ದರೆ ಅದು ನಮ್ಮಿಬ್ಬರ ನಡುವಿನ ಮಾತಾಗಿರುತ್ತಿತ್ತು. ನಿಲ್ಲಲಿಲ್ಲ. ಗುರುವಾರ ಗುರುವಾರ ಅಕ್ಕ ಕೊರಟಗೆರೆಗೆ ಹೋಗುತ್ತಿದ್ದಳು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಹೂ ಕಟ್ಟಿ ಮಾರುವ ಹೆಂಗಸೊಬ್ಬಳು ಕ್ಲಾಸಿಗೆ ಬಂದಳು. ಸಕ್ಕರೆ ಕಾಯಿಲೆ, ಬಲಭುಜ ಹಿಡಿದುಕೊಂಡಿದೆ. ದಿನಕ್ಕೆ ಅಷ್ಟು ಮೊಳ ಹೂ ಕಟ್ಟುವವಳಿಗೆ ತನ್ನ ತಲೆಗೆ ಮುಡಿಯಲು ಕೈ ಏಳದು, ಮಗಳು ಮುಡಿಸಬೇಕು. ಅಕ್ಕ ಅವಳಿಗೆ ನನ್ನದೇ ಎಂಟು ವಾರದ ಪಾಠ ಕೊಟ್ಟಳು. ಎಂಟು ವಾರಕ್ಕೆ ಅವಳ ಕೈ ಮೇಲಕ್ಕೆ ಹೋದದ್ದು ಮೂರು ಬೆರಳು.

ಅವತ್ತು ಅಕ್ಕ ಎಂದೂ ಮಾಡದ್ದನ್ನು ಮಾಡಿದಳು. ಎಲ್ಲರ ಎದುರಿಗೆ, "ಸಾರ್ವೆ ಹತ್ತಿ ದಿನವೆಲ್ಲ ಗಾರೆ ಮಾಡೋ ನನ್ ತಮ್ಮ ಎಂಟ್ ವಾರಕ್ಕೆ ಮಾಡ್ದ. ಕುಂತು ಹೂ ಕಟ್ಟೋ ನಿಂಗೆ ಐದ್ ನಿಮ್ಷ ಸಿಗಲ್ವಾ?" ಅಂದಳು.

"ದಿನಾ ಮಾಡ್ತಿದೀನಿ ಮೇಡಂ, ದೇವ್ರಾಣೆಗೂ."

"ಮಾಡಿದ್ರೆ ಬರ್ಬೇಕಿತ್ತಲ್ಲ."

ಮುಂದಿನ ಗುರುವಾರ ಆ ಹೆಂಗಸು ಬರಲಿಲ್ಲ. ಇದನ್ನು ಅಕ್ಕನೇ ಭಾನುವಾರ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದಳು. ನಾನು, "ಬುಡಕ್ಕ, ಎಲ್ಲಾರ ಮೈಯೂ ಒಂದೇ ಥರ ಇರ್ತದಾ" ಅಂದೆ. ಅವಳು ತಲೆ ಎತ್ತಿ, "ಅಂಗಂದ್ರೆ?" ಅಂದಳು. ಸುಮ್ಮನೆ ನನ್ನನ್ನೇ ನೋಡುತ್ತ ಕೂತಳು. ನಾನು ಹೆಂಡತಿಯ ಕಡೆ ತಟ್ಟೆ ಚಾಚಿ ಸಾರು ಬಡಿಸು ಅಂದೆ.

ಕೆಲವು ತಿಂಗಳ ಮೇಲೆ ಮತ್ತೊಂದು ತರಬೇತಿಯಲ್ಲಿ ಆ ತುಮಕೂರಿನ ಮೇಷ್ಟ್ರು ಎಲ್ಲರ ಪುಸ್ತಕ ನೋಡಿದರಂತೆ. ಅಕ್ಕನ ಪುಸ್ತಕ ಬಹಳ ಹೊತ್ತು ಹಿಡಿದುಕೊಂಡು, "ಅಮ್ಮ, ಮೈ ಒಂದು ವಾರ ಮುಂದೆ ಹೋಗುತ್ತೆ, ಒಂದು ವಾರ ಹಿಂದೆ ಬರುತ್ತೆ. ಇದು ಮೆಟ್ಟಿಲು ಕಟ್ಟಿದ ಹಾಗಿದೆಯಲ್ಲ" ಅಂದರಂತೆ. ಇದು ನನಗೆ ಆಗ ಗೊತ್ತಿರಲಿಲ್ಲ. ಆ ಭಾನುವಾರ ಅಕ್ಕ ಬಂದು, ಚಪ್ಪಲಿ ಬಿಟ್ಟು, ನೇರ ಗೋಡೆಯ ಹತ್ತಿರ ಹೋಗಿ ನಿಂತಳು.

"ಗೀಟು ಚೆನ್ನಾಗವೆ ಕಣ್ಲಾ. ರಸಮಟ್ಟ ಇಟ್ಟು ಎಳ್ದಂಗವೆ" ಅಂದಳು. ಅಂದು ಸುಮ್ಮನಾದಳು.

ಆ ಸುಮ್ಮನಿರುವುದು ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡನೆಯ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಮೊದಲನೆಯದನ್ನೇ ಕೊಟ್ಟೆ.

"ಗಾರೆ ಕೆಲ್ಸದೋನ್ ಕೈ ಅಲ್ವೇನಕ್ಕ."

"ಹೂಂ" ಅಂದಳು. ನೀರು ಕುಡಿದು ಮುಂದಿನ ಬಸ್ಸಿಗೇ ಹೊರಟಳು. ಊಟಕ್ಕೆ ನಿಲ್ಲಲಿಲ್ಲ.

ಹೋದ ವರ್ಷ ಅವಳಿಗೆ ಜ್ವರ ಬಂತು. ಐದು ದಿನ ತುಮಕೂರಿನಲ್ಲಿ ಆಸ್ಪತ್ರೆಯಲ್ಲಿದ್ದಳು. ಪಕ್ಕದ ಮಂಚದ ಮುದುಕಿ ಏಳಲಾಗದೆ ಒದ್ದಾಡುವುದನ್ನು ನೋಡಿ, ಮಲಗಿದಲ್ಲಿಂದಲೇ, "ಪಕ್ಕಕ್ಕ್ ತಿರುಗ್ಕೊ ಅಜ್ಜಿ, ಉಸ್ರು ಬಿಡ್ತಾ ಏಳು" ಎಂದು ಹೇಳಿಕೊಟ್ಟಳು. ನಾನು ಐದು ದಿನವೂ ಅವಳ ಪಕ್ಕದಲ್ಲೇ ಕೂತಿದ್ದೆ. ಹೇಳಬೇಕು ಎಂದು ಬಾಯಿ ತೆರೆದಾಗಲೆಲ್ಲ, "ಕಾಫಿ ತರ್ಲಾ ಅಕ್ಕ?" ಎಂದು ಕೇಳಿದೆ. ಬೇಕು ಅನ್ನುತ್ತಿದ್ದಳು. ತಂದರೆ ಒಂದು ಗುಟುಕು ಕುಡಿದು ಇಡುತ್ತಿದ್ದಳು. ಐದನೆಯ ದಿನ ಮಧ್ಯಾಹ್ನ ಹೋದಳು.

ಕಾರ್ಯ ಎಲ್ಲ ಮುಗಿದ ಮೇಲೆ ಅವಳ ರೂಮು ಖಾಲಿ ಮಾಡಿ ಬ್ಯಾಗನ್ನು ಮನೆಗೆ ತಂದೆ. ನೋಟ್ ಪುಸ್ತಕದಲ್ಲಿ ನನ್ನ ಪುಟ ಇತ್ತು. ಮೂರು, ಮೂರು, ಮೂರು ಎಂದು ಎಂಟು ಸಲ. ಅದರ ಕೆಳಗೆ ಬೇರೆ ಪೆನ್ನಿನಲ್ಲಿ, ಆಮೇಲೆ ಬರೆದದ್ದು: "ಎಲ್ಲಾ ಒಂದೇ ಅಳತೆ. ಕೇಳಿದೆ. ಹೇಳಲಿಲ್ಲ. ಮತ್ತೆ ಕೇಳಬಾರದು, ಅವನೇ ಹೇಳಲಿ. ಕೊರಟಗೆರೆಗೆ ಹೋಗಬೇಕು."

ಪುಸ್ತಕ ಮುಚ್ಚಿ ಬ್ಯಾಗಿನಲ್ಲಿಟ್ಟೆ. ಹೆಂಡತಿ ಅದನ್ನು ತೆಗೆದು ಓದಿ, "ಈಗ್ಲಾದ್ರೂ ಯಾರ್ ಹತ್ರನಾದ್ರೂ ಹೇಳ್ಬುಡಿ" ಅಂದಳು. ಯಾರ ಹತ್ತಿರ ಹೇಳುವುದು ಎಂದು ಅವಳನ್ನೇ ಗದರಿಸಿದೆ.

ಈ ಯುಗಾದಿಗೆ ಮುಂಚೆ ಒಂದು ಭಾನುವಾರ ಟೀಚರುಗಳು ಐದಾರು ಜನ ನಮ್ಮ ಮನೆಗೆ ಬಂದರು. ಅಕ್ಕನ ಹತ್ತಿರ ಕಲಿತವರು, ಈಗಲೂ ತಿಂಗಳಿಗೊಮ್ಮೆ ಸೇರಿ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಶಿರಾದ ಟೀಚರಮ್ಮ ಒಬ್ಬರು ಮುಂದಾಳು. ಹೊಸಬರಿಗೆ ತೋರಿಸಲು ಆ ಗೋಡೆಯ ಫೋಟೋ ಬೇಕಂತೆ. ಅಕ್ಕನ ಪುಸ್ತಕ ನೋಡಿ ತುಮಕೂರಿನ ಮೇಷ್ಟ್ರು ಅಂದ ಮಾತನ್ನು ನನಗೆ ಹೇಳಿದ್ದು ಅವರೇ. "ಆಮೇಲೆ ಯಾಕೋ ಮೇಡಂ ನಿಮ್ಮ ಕಥೆ ಹೇಳೋದೇ ಬಿಟ್ಬುಟ್ರು. ನಾವು ಬಿಟ್ಟಿಲ್ಲ ಅಣ್ಣ, ನಾವು ಹೇಳ್ತಿದೀವಿ" ಅಂದರು.

ಅವರ ಹಿಂದೆ ಇನ್ನೊಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ಬಾಳೆ ಎಲೆ ಸುತ್ತಿದ ಹೂವಿನ ಪೊಟ್ಟಣ. ಅದನ್ನು ಅಕ್ಕನ ಫೋಟೋಕ್ಕೆ ಹಾಕಿ ಎಂದು ನನ್ನ ಹೆಂಡತಿಗೆ ಕೊಟ್ಟಳು. ಎಲ್ಲಿಂದ ಬಂದಿರಿ ಎಂದು ಕೇಳುವ ಮೊದಲೇ ನನಗೆ ಗೊತ್ತಾಯಿತು.

"ಮೇಡಂ ನಮ್ಮ ಅಂಗ್ಡಿ ತಾವ್ಕೇ ಬಂದಿದ್ರು ಅಣ್ಣ. ಅವತ್ತು ಅಂಗಂದಿದ್ದು ನಂದು ತಪ್ಪು, ಮತ್ತೆ ಬಾ ಅಂದ್ರು. ಯಾಕ್ ತಪ್ಪು ಅಂದ್ರೆ ಹೇಳ್ಲಿಲ್ಲ. ಅವ್ರದ್ದೇನ್ ತಪ್ಪು ಬಿಡಿ, ನನ್ ಮೈಯೇ ಜಡ" ಅಂದಳು.

ಆಮೇಲೆ ಗೋಡೆಯ ಹತ್ತಿರ ಹೋದಳು. ಅಕ್ಕ ಕಲಿಸಿದ ಹಾಗೆಯೇ ನಿಂತಳು, ಕಾಲು ಸ್ವಲ್ಪ ಅಗಲ, ಭುಜ ಸಡಿಲ. ಬೆರಳುಗಳನ್ನು ಒಂದೊಂದಾಗಿ ಹತ್ತಿಸಿದಳು. ಒಂದನೆಯ ಗೀಟು ದಾಟಿತು. ಎರಡು, ಮೂರು. ನಾಲ್ಕರ ಕೆಳಗೆ ಕೈ ನಿಂತಿತು. ಐದು ಉಸಿರು ಎಣಿಸಿದಳು. ಟೀಚರಮ್ಮ ಫೋಟೋ ತೆಗೆಯಲು ಮೊಬೈಲು ಎತ್ತಿದರು.

"ಎರಡ್ ವರ್ಷ ಆಯ್ತಣ್ಣ. ನೀವ್ ಒಂದ್ ತಿಂಗ್ಳಿಗ್ ಮುಟ್ಟಿದ್ ಗೀಟು" ಅಂದು ನಕ್ಕು, ಇನ್ನೊಂದು ಸಲ ಹತ್ತಿಸಿದಳು. ಈ ಸಲ ತುದಿಗಾಲ ಮೇಲೆ ಎದ್ದಳು. ನೋವಿಗೆ ತುಟಿ ಕಚ್ಚಿದ್ದು ಪಕ್ಕದಿಂದ ಕಾಣುತ್ತಿತ್ತು. ಜಿದ್ದಿಗೆ ಬೀಳಬೇಡ ಎಂದು ಅಕ್ಕ ಹೇಳಿಕೊಟ್ಟಿದ್ದಳು. ಅವಳನ್ನು ಜಿದ್ದಿಗೆ ಬೀಳಿಸಿದ್ದು ನನ್ನ ಗೀಟು.

"ಇಳ್ಸಮ್ಮ ಕೈನ" ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. "ಫೋಟೋ ಬ್ಯಾಡ ಟೀಚರಮ್ಮ. ಈ ಎಂಟು ಗೀಟೂ ಸುಳ್ಳು. ನಾನ್ ಒಂದ್ ದಿನಾನೂ ನೆಟ್ಟಗ್ ಮಾಡ್ಲಿಲ್ಲ. ರಸಮಟ್ಟ ಇಟ್ಟು ಎಳ್ದೆ. ಹಿಂದೂಪುರಕ್ಕೋಗಿ ಇಂಜೆಕ್ಷನ್ ತಗೊಂಡೆ, ಅದಕ್ಕೆ ಕೈ ಎದ್ದಿದ್ದು. ಅಕ್ಕಂಗೆ ಹೇಳ್ಲಿಲ್ಲ."

ಟೀಚರಮ್ಮ ಮೊಬೈಲು ಇಳಿಸಿದರು. ಹೂವಿನ ಹೆಂಗಸು ಎಡಗೈಯಲ್ಲಿ ಬಲಭುಜ ಹಿಡಿದುಕೊಂಡು ಗೋಡೆಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಅಂಗಾರೆ ನಂದು?" ಅಂದಳು.

"ನಿಂದು ನಿಜ ಕಣಮ್ಮ. ಈ ಗೋಡೆ ಮೇಲೆ ನಿಜವಾಗಿ ಇಷ್ಟೆತ್ತರ ಹತ್ತಿದ್ದು ನೀನೊಬ್ಳೇ. ಅವತ್ತು ಎಲ್ಲಾರ ಮುಂದೆ ನೀನ್ ಬೈಸ್ಕೊಂಡಿದ್ದು ನನ್ನಿಂದ. ತಪ್ಪಾಯ್ತು ಕಣಮ್ಮ."

ಗೋಡೆಯ ಕಡೆ ತಿರುಗಿದೆ. ಎಲ್ಲಕ್ಕಿಂತ ಕೆಳಗೆ, ಸ್ವಲ್ಪ ಸೊಟ್ಟಗೆ, ಅಕ್ಕ ತಾನೇ ಎಳೆದ ಮೊದಲ ಗೀಟು ಇತ್ತು. ಅದರ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ತಪ್ಪಾಯ್ತು ಕಣಕ್ಕ."